ಸ್ವರ ಯಾರದು, ಸ್ವತ್ತು ಯಾರದು?
ವಿಡಿಯೋ ಗೇಮ್ ಸಂಗೀತ ಸಂಯೋಜಕರ ಉದ್ಯೋಗ, ಕರಾರು ಮತ್ತು ತೆರಿಗೆ: ಒಂದು ವಿವೇಚನೆ

ಹಿಟ್ನಾಳ ಎಂದೊಡನೆ ನಮ್ಮ ವ್ಯಾಪಾರಿ ಸಮುದಾಯಕ್ಕೆ ನೆನಪಾಗುವುದು ಹೊಸಪೇಟೆ–ಕೊಪ್ಪಳ ಹೆದ್ದಾರಿ, ತುಂಗಭದ್ರೆಯ ನೆರೆ ಹಾಗೂ ಪಕ್ಕದ ಬೇವಿನಹಳ್ಳಿಯ ಬೀಡುಕಬ್ಬಿಣದ ಕಾರ್ಖಾನೆ. ಇಂತಹ ಪ್ರದೇಶದ ವಾಣಿಜ್ಯ ಪತ್ರಿಕೆಯಲ್ಲಿ ವಿಡಿಯೋ ಗೇಮ್ ಸಂಗೀತದ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಕಿನ್ನಾಳದ ಗೊಂಬೆಗಳಿಂದ ಹೆಸರಾದ ನಮ್ಮ ಜಿಲ್ಲೆಯಲ್ಲಿ, ಭಾನಾಪುರದ ಬಳಿ 2021ರಲ್ಲಿ ಆಟಿಕೆ ತಯಾರಿಕಾ ಸಮೂಹಕ್ಕೆ ಶಂಕುಸ್ಥಾಪನೆಯಾಯಿತು. ಇಂದಿನ ಆಟಿಕೆ ಕೇವಲ ಮರ ಅಥವಾ ಪ್ಲಾಸ್ಟಿಕ್ ಅಲ್ಲ; ಗುಂಡಿ ಒತ್ತಿದರೆ ಹಾಡುತ್ತದೆ, ಮೊಬೈಲಿನ ಆಟದೊಡನೆ ಜೋಡಿಯಾಗುತ್ತದೆ. ಆ ಹಾಡನ್ನು ಯಾರೋ ಒಬ್ಬರು ಸಂಯೋಜಿಸಿರಲೇಬೇಕು. ಅದನ್ನು ಕೊಳ್ಳುವ ಉದ್ಯಮಿ ಮತ್ತು ಮಾರುವ ಕಲಾವಿದ ಇಬ್ಬರೂ, ಕೊಟ್ಟದ್ದೇನು ಪಡೆದದ್ದೇನು ಎಂಬುದನ್ನು ಸ್ಪಷ್ಟವಾಗಿ ಅರಿತಿರಬೇಕಾಗುತ್ತದೆ.

ಹಲವು ವರ್ಷ ದುಡಿದು ಹೆಸರು ಗಳಿಸಿದ ಗೇಮ್ ಸಂಗೀತ ಸಂಯೋಜಕನೊಬ್ಬ ಐವತ್ತರ ಆಸುಪಾಸಿನಲ್ಲಿ ಮತ್ತೆ ಹೊಸ ಸ್ಟುಡಿಯೋದ ಬಾಗಿಲು ತಟ್ಟಬೇಕಾಗಿ ಬರುವುದೇಕೆ? ಆ ಸಂದರ್ಭದಲ್ಲಿ ಅವನ ಕೈಯಲ್ಲಿ ಉಳಿದಿರುವ ಆಸ್ತಿ ಯಾವುದು? ಈ ಎರಡು ಪ್ರಶ್ನೆಗಳನ್ನು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉದ್ಯಮದ ಸ್ವರೂಪ

ಭಾರತದಲ್ಲಿ ಗೇಮ್ ತಯಾರಿಕೆಯ ಆರಂಭದ ಹೆಜ್ಜೆಗಳು ಮೂಡಿದ್ದು ಬೆಂಗಳೂರಿನಲ್ಲಿಯೇ. 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಮುಂದೆ ವಿದೇಶೀ ಕಂಪೆನಿಗಳ ಆಟಗಳಿಗೆ ಚಿತ್ರಕಲಾ ಕಾರ್ಯವನ್ನು ಮಾಡಿಕೊಡುವ ದೊಡ್ಡ ಕೇಂದ್ರವಾಗಿ ಬೆಳೆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿಯೇ ಕರ್ನಾಟಕ ಸರ್ಕಾರವು 2012ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಈಗ 2024–29ರ ಅವಧಿಯ ನೀತಿ ಜಾರಿಯಲ್ಲಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣವಿಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಹಾಗೂ ಸಾಮಾಜಿಕ ಆಟಗಳಿಗೆ ಮನ್ನಣೆ ನೀಡಿತು.

ಆದರೆ ಇದು ಸ್ಥಿರವಾದ ಉದ್ಯಮವಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಲ್ಲಿ 1,900 ಹುದ್ದೆಗಳನ್ನು ಕಡಿತಗೊಳಿಸಿತು. ಮರುತಿಂಗಳು ಸೋನಿ ಸಂಸ್ಥೆ ಸುಮಾರು 900 ಹುದ್ದೆಗಳ ಕಡಿತವನ್ನು ಪ್ರಕಟಿಸಿತು. ಒಂದು ಆಟ ಸಿದ್ಧವಾಗಲು ಹಲವು ವರ್ಷ ಹಿಡಿಯುತ್ತದೆ, ಅದು ಮಾರುಕಟ್ಟೆಯಲ್ಲಿ ಸೋತರೆ ಸ್ಟುಡಿಯೋವೇ ಮುಚ್ಚುತ್ತದೆ. ಆದ್ದರಿಂದ ಅನುಭವಿ ಸಂಯೋಜಕನೂ ಕೆಲಸ ಹುಡುಕುವ ಸ್ಥಿತಿಗೆ ಬರುವುದು ಅವನ ಪ್ರತಿಭೆಯ ಕೊರತೆಯಿಂದಲ್ಲ, ಉದ್ಯಮದ ಲಯವೇ ಅಂತಹದು.

ಈ ಸಂಗೀತದ ವಿಶೇಷವೇನು?

ಚಲನಚಿತ್ರದಲ್ಲಿ ದೃಶ್ಯದ ಅವಧಿ ನಿಗದಿಯಾಗಿರುತ್ತದೆ. ಆಟದಲ್ಲಿ ಹಾಗಿಲ್ಲ. ಆಟಗಾರನು ಒಂದು ಬಾಗಿಲಿನ ಮುಂದೆ ಹತ್ತು ಕ್ಷಣ ನಿಲ್ಲಬಹುದು, ಹತ್ತು ನಿಮಿಷವೂ ನಿಲ್ಲಬಹುದು. ಸಂಗೀತವು ಬೇಸರ ತರಿಸದೆ ಮರುಕಳಿಸಬೇಕು. ಶತ್ರು ಎದುರಾದೊಡನೆ ತಡವರಿಸದೆ ತಿರುವು ಪಡೆಯಬೇಕು. ಇದಕ್ಕಾಗಿ ಸಂಯೋಜಕನು ಒಂದೇ ರಾಗವನ್ನು ಪದರಪದರವಾಗಿ ಬರೆಯುತ್ತಾನೆ. ತಾಳವಾದ್ಯ ಒಂದು ಪದರ, ತಂತಿವಾದ್ಯ ಇನ್ನೊಂದು, ಕೊಳಲು ಮತ್ತೊಂದು. ಆಟದ ಸ್ಥಿತಿಗೆ ತಕ್ಕಂತೆ ಯಂತ್ರವೇ ಪದರಗಳನ್ನು ಸೇರಿಸುತ್ತದೆ ಅಥವಾ ತೆಗೆಯುತ್ತದೆ. ಲೂಕಾಸ್‌ಆರ್ಟ್ಸ್ ಸಂಸ್ಥೆಯು 1991ರಲ್ಲಿಯೇ ಇಂತಹ ವ್ಯವಸ್ಥೆಯೊಂದನ್ನು ತನ್ನ ಆಟದಲ್ಲಿ ಬಳಸಿತ್ತು. ಇಂದು ಎಫ್‌ಮಾಡ್, ವೈಸ್ ಮುಂತಾದ ತಂತ್ರಾಂಶಗಳು ಈ ಕಾರ್ಯಕ್ಕೆ ಬಳಕೆಯಲ್ಲಿವೆ.

ನಮ್ಮವರಿಗೆ ಇದು ತೀರ ಅಪರಿಚಿತವೇನಲ್ಲ. ದೊಡ್ಡಾಟದ ಹಿಮ್ಮೇಳವು ಪಾತ್ರಧಾರಿಯ ಕುಣಿತ ಮುಗಿಯುವವರೆಗೆ ಪಲ್ಲವಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ತೊಗಲುಗೊಂಬೆಯಾಟದಲ್ಲಿಯೂ ಗೊಂಬೆಯ ನಡೆಗೆ ತಕ್ಕಂತೆ ಹಾಡು ಹಿಗ್ಗುತ್ತದೆ, ಕುಗ್ಗುತ್ತದೆ. ಆ ಕಲೆಗಾಗಿ ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ. ಆಟವನ್ನು ಕಣ್ಣಿನಿಂದ ಅನುಸರಿಸಿ ನುಡಿಸುವ ಈ ವಿದ್ಯೆಯನ್ನೇ ಗೇಮ್ ಸಂಯೋಜಕನು ಮುಂಚಿತವಾಗಿ ಲೆಕ್ಕ ಹಾಕಿ ಬರೆದಿಡುತ್ತಾನೆ. ಅನುಭವಿಗಳಿಗೆ ಬೆಲೆ ಇರುವುದು ಇಲ್ಲಿಯೇ.

ಒಂದು ಪ್ರಸಿದ್ಧ ಉದಾಹರಣೆ

ಬ್ರಿಟನ್ನಿನ ಗ್ರಾಂಟ್ ಕಿರ್ಕ್‌ಹೋಪ್ ಅವರ ವೃತ್ತಿಜೀವನವು ಈ ವಿಷಯವನ್ನು ಚೆನ್ನಾಗಿ ವಿಶದಪಡಿಸುತ್ತದೆ. ಮ್ಯಾಂಚೆಸ್ಟರಿನ ಸಂಗೀತ ಕಾಲೇಜಿನಲ್ಲಿ ಟ್ರಂಪೆಟ್ ಕಲಿತ ಅವರು ತಾವು ರಚಿಸಿದ ಸಂಗೀತದ ಕ್ಯಾಸೆಟ್‌ಗಳನ್ನು ಕಳುಹಿಸಿ, 1995ರಲ್ಲಿ ರೇರ್ ಎಂಬ ಗೇಮ್ ಸಂಸ್ಥೆಯಲ್ಲಿ ನೌಕರಿ ಪಡೆದರು. ಗೋಲ್ಡನ್‌ಐ (1997), ಬ್ಯಾಂಜೋ-ಕಜೂಯಿ (1998), ಡಾಂಕಿ ಕಾಂಗ್ 64 (1999) ಮುಂತಾದ ಆಟಗಳಿಗೆ ಸಂಗೀತ ನೀಡಿದರು. 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ರೇರ್ ಅನ್ನು 37.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಷ್ಟು ದೊಡ್ಡ ಬೆಲೆ ಕಟ್ಟಡಕ್ಕಾಗಲೀ ಯಂತ್ರಗಳಿಗಾಗಲೀ ಸಂದುದಲ್ಲ. ನೌಕರರು ಸೃಷ್ಟಿಸಿದ ಪಾತ್ರ, ಕಥೆ, ಸಂಗೀತಗಳಿಗೂ ಮುಂದೆ ಸೃಷ್ಟಿಸಬಲ್ಲ ಅವರ ಸಾಮರ್ಥ್ಯಕ್ಕೂ ಸಂದುದು ಎಂಬುದನ್ನು ಲೆಕ್ಕಪತ್ರ ಬಲ್ಲವರು ಊಹಿಸಬಹುದು.

2008ರಲ್ಲಿ ಕಿರ್ಕ್‌ಹೋಪ್ ಅವರು ರೇರ್ ತೊರೆದು ಅಮೆರಿಕದ ಬಿಗ್ ಹ್ಯೂಜ್ ಗೇಮ್ಸ್ ಸೇರಿದರು. ಆ ಸ್ಟುಡಿಯೋದ ಒಡೆತನ ಪಡೆದ 38 ಸ್ಟುಡಿಯೋಸ್ ಕಂಪೆನಿಗೆ ರೋಡ್ ಐಲೆಂಡ್ ರಾಜ್ಯವು 7.5 ಕೋಟಿ ಡಾಲರ್ ಸಾಲಕ್ಕೆ ಆಸರೆಯಾಗಿತ್ತು. 2012ರಲ್ಲಿ ಕಂಪೆನಿ ದಿವಾಳಿಯಾಯಿತು. ಆ ಬಳಿಕ ಕಿರ್ಕ್‌ಹೋಪ್ ಅವರು ಸ್ವತಂತ್ರ ಸಂಯೋಜಕರಾಗಿ ದುಡಿದು, 2017ರಲ್ಲಿ ಮಾರಿಯೋ ಮತ್ತು ರ‍್ಯಾಬಿಡ್ಸ್ ಆಟದ ಮೂಲಕ ಮತ್ತೆ ದೊಡ್ಡ ಕೆಲಸ ಪಡೆದರು.

2023ರಲ್ಲಿ ಬಿಡುಗಡೆಯಾದ ಮಾರಿಯೋ ಚಲನಚಿತ್ರವು ಜಗತ್ತಿನಾದ್ಯಂತ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರಲ್ಲಿ ಕಿರ್ಕ್‌ಹೋಪ್ ಅವರು 1999ರಲ್ಲಿ ಸಂಯೋಜಿಸಿದ್ದ ಗೀತೆಯೊಂದನ್ನು ಬಳಸಲಾಗಿತ್ತು. ಕೊನೆಯ ನಾಮಾವಳಿಯಲ್ಲಿ ಗೀತೆಯ ಹೆಸರಿತ್ತು, ಆಟದ ಹೆಸರಿತ್ತು, ಸಂಯೋಜಕರ ಹೆಸರಿರಲಿಲ್ಲ. ಇದಕ್ಕಾಗಿ ಅವರು ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದರು. ಆದರೆ ನೌಕರನು ಉದ್ಯೋಗದ ಅವಧಿಯಲ್ಲಿ ರಚಿಸಿದ ಕೃತಿಗೆ ಮಾಲೀಕನೇ ಮೊದಲ ಒಡೆಯನೆಂಬುದು ಬ್ರಿಟನ್ನಿನ ಕಾನೂನಿನ ಸಾಮಾನ್ಯ ನಿಯಮ.

ಬೆಳೆ ಮಾರಾಟವೋ, ಹೊಲ ಮಾರಾಟವೋ?

ಗಂಗಾವತಿಯ ರೈತನಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಹಂಗಾಮಿನ ಭತ್ತವನ್ನು ಮಾರಿದರೆ ಹೊಲ ತನ್ನದಾಗಿಯೇ ಉಳಿಯುತ್ತದೆ. ಹೊಲವನ್ನು ಲಾವಣಿಗೆ ಕೊಟ್ಟರೆ ಅವಧಿ ಮುಗಿದ ಮೇಲೆ ಹಿಂದಿರುಗುತ್ತದೆ. ಹೊಲವನ್ನೇ ಕ್ರಯಕ್ಕೆ ಕೊಟ್ಟರೆ ಮುಂದಿನ ಬೆಳೆಯ ಮೇಲೆ ಹಕ್ಕಿಲ್ಲ. ಸಂಗೀತದಲ್ಲಿಯೂ ಈ ಮೂರು ವಿಧಗಳಿವೆ: ಒಂದು ಬಳಕೆಗೆ ಅನುಮತಿ, ಅವಧಿಗೆ ಸೀಮಿತವಾದ ಪರವಾನಗಿ, ಹಾಗೂ ಕೃತಿಸ್ವಾಮ್ಯದ ಪೂರ್ಣ ಹಸ್ತಾಂತರ. ದುರದೃಷ್ಟವಶಾತ್ ಸಂಯೋಜಕರು ಬಹಳಷ್ಟು ಸಲ ಹೊಲವನ್ನು ಬೆಳೆಯ ಬೆಲೆಗೆ ಮಾರುತ್ತಾರೆ.

ಈ ಹೊಲದ ಬಾಳಿಕೆಯನ್ನೂ ಗಮನಿಸಬೇಕು. ಭಾರತದಲ್ಲಿ ಸಂಗೀತ ಕೃತಿಯ ಸ್ವಾಮ್ಯವು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಮೂವತ್ತನೆಯ ವಯಸ್ಸಿನಲ್ಲಿ ರಾಗ ಕಟ್ಟಿದವನು ಎಪ್ಪತ್ತೈದು ವರ್ಷ ಬದುಕಿದರೆ ಆ ಸ್ವತ್ತಿನ ಆಯುಷ್ಯ ಸುಮಾರು 105 ವರ್ಷ. ಇಷ್ಟು ದೀರ್ಘಾಯುಷ್ಯವಿರುವ ಆಸ್ತಿ ಯಾವ ಕಾರ್ಖಾನೆಯ ಅಢಾವೆ ಪತ್ರಿಕೆಯಲ್ಲಿಯೂ ಸುಲಭವಾಗಿ ಸಿಗದು.

ನಮ್ಮ ದೇಶದ ಕಾನೂನು

1957ರ ಕೃತಿಸ್ವಾಮ್ಯ ಕಾಯ್ದೆಯ ನಾಲ್ಕು ಕಲಮುಗಳನ್ನು ಸದಸ್ಯರು ತಿಳಿದಿರುವುದು ಅಗತ್ಯ.

ಮೊದಲನೆಯದು 17ನೆಯ ಕಲಮು. ನೌಕರನು ಉದ್ಯೋಗದ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಕರಾರಿಲ್ಲದಿದ್ದರೆ, ಮಾಲೀಕನು ಮೊದಲ ಒಡೆಯ. ಆದರೆ ಸ್ವತಂತ್ರ ಸಂಯೋಜಕನಿಗೆ ಈ ನಿಯಮ ತಾನಾಗಿಯೇ ಅನ್ವಯಿಸದು. ಚಲನಚಿತ್ರ ಸಂಗೀತದ ವಿಷಯದಲ್ಲಿ ನಿರ್ಮಾಪಕನೇ ಮೊದಲ ಒಡೆಯನಾಗಬಲ್ಲನೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. 2012ರ ತಿದ್ದುಪಡಿಯು ಕರ್ತೃವಿನ ಹಕ್ಕನ್ನು ರಕ್ಷಿಸುವ ಮಾತನ್ನು ಸೇರಿಸಿತು.

ಎರಡನೆಯದು 18ನೆಯ ಕಲಮು. 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಚಲನಚಿತ್ರದಲ್ಲಿ ಸೇರಿದ ಸಂಗೀತವು ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಬೇರೆಡೆ ಬಳಕೆಯಾದಾಗ ಬರುವ ರಾಯಲ್ಟಿಯ ಸಮಪಾಲನ್ನು ಸಂಯೋಜಕನು ಬಿಟ್ಟುಕೊಡಲು ಬರುವುದಿಲ್ಲ. ಚಿತ್ರದ ಭಾಗವಲ್ಲದ ಧ್ವನಿಮುದ್ರಿಕೆಗೂ ಇದೇ ಬಗೆಯ ರಕ್ಷಣೆ ಇದೆ. ಕರಾರಿನ ದಿನದಂದು ಬಳಕೆಯಲ್ಲಿ ಇರದ ಮಾಧ್ಯಮಕ್ಕೆ, ಅದನ್ನು ಸ್ಪಷ್ಟವಾಗಿ ಹೆಸರಿಸದಿದ್ದರೆ, ಹಸ್ತಾಂತರವು ಅನ್ವಯಿಸುವುದಿಲ್ಲ. ವಿಡಿಯೋ ಗೇಮ್ ಎಂಬುದು ಕಾಯ್ದೆಯ ಅರ್ಥದಲ್ಲಿ ಚಲನಚಿತ್ರವೇ ಎಂಬ ಪ್ರಶ್ನೆಯಲ್ಲಿ ವಾದಕ್ಕೆ ಎಡೆಯಿದೆ. ಆದ್ದರಿಂದ ಕಾಯ್ದೆಯನ್ನೇ ನಂಬಿ ಕೂಡದೆ ರಾಯಲ್ಟಿಯನ್ನು ಕರಾರಿನಲ್ಲಿಯೇ ಬರೆಯಿಸುವುದು ಕ್ಷೇಮ.

ಮೂರನೆಯದು 19ನೆಯ ಕಲಮು. ಹಸ್ತಾಂತರವು ಬರವಣಿಗೆಯಲ್ಲಿದ್ದು, ಕೊಡುವವನ ಸಹಿ ಇರಲೇಬೇಕು. ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ವ್ಯಾಪ್ತಿ ನಮೂದಿಸದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ. ಬೇರೆ ರೀತಿಯಲ್ಲಿ ಬರೆದಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದ ಪಕ್ಷದಲ್ಲಿ ಅದು ರದ್ದಾಗುತ್ತದೆ. ಕೊಳ್ಳುವ ಉದ್ಯಮಿಗೂ ಇದು ಎಚ್ಚರಿಕೆಯ ಮಾತು. ಬಿಲ್ಲು ಪಾವತಿ ಮಾಡಿದ ಮಾತ್ರಕ್ಕೆ ಸ್ವರ ನಿಮ್ಮದಾಗದು. ಸಹಿಯಾದ ಪತ್ರವಿಲ್ಲದೆ ಆಟಿಕೆಯನ್ನು ರಫ್ತು ಮಾಡಿದರೆ ಸರಕು ಹಡಗಿನಲ್ಲಿರುವಾಗ ತಗಾದೆ ಎದ್ದೀತು.

ನಾಲ್ಕನೆಯದು 57ನೆಯ ಕಲಮು. ಸ್ವಾಮ್ಯವನ್ನು ಹಸ್ತಾಂತರಿಸಿದ ಬಳಿಕವೂ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಹಕ್ಕು ಸಂಯೋಜಕನಲ್ಲಿಯೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ ನೌಕರರ ಕೃತಿಗಳಿಗೆ ಈ ಹಕ್ಕು ಬಹಳಮಟ್ಟಿಗೆ ಮೊಟಕುಗೊಂಡಿದೆ. ನಮ್ಮ 57ನೆಯ ಕಲಮಿನ ಮಾತುಗಳಲ್ಲಿ ಅಂತಹ ವಿನಾಯಿತಿ ಕಾಣುವುದಿಲ್ಲ.

ಇದಲ್ಲದೆ, ಧ್ವನಿಮುದ್ರಣದಲ್ಲಿ ನುಡಿಸಿದ ಅಥವಾ ಹಾಡಿದ ಕಲಾವಿದನಿಗೆ 50 ವರ್ಷಗಳ ಪ್ರದರ್ಶಕ ಹಕ್ಕು ಇದೆ. ನಮ್ಮ ಹಳ್ಳಿಯ ಹಾಡುಗಾರರನ್ನು ಮುದ್ರಿಸಿಕೊಳ್ಳುವ ಸ್ಟುಡಿಯೋಗಳು ಅವರಿಂದಲೂ ಲಿಖಿತ ಒಪ್ಪಿಗೆ ಪಡೆಯಬೇಕು. ಹಾಡು ಪರಂಪರೆಯದಾದರೂ ಹಾಡಿಕೆ ಅವರದೇ.

ಕೆಲಸ ಹುಡುಕುವ ಮುನ್ನ: ಹಕ್ಕುಗಳ ದಾಸ್ತಾನು

ವ್ಯಾಪಾರಿಯು ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಂತೆ, ಅನುಭವಿ ಸಂಯೋಜಕನೂ ಹೊಸ ಸ್ಟುಡಿಯೋಗೆ ಅರ್ಜಿ ಹಾಕುವ ಮುನ್ನ ತನ್ನ ಕೃತಿಗಳ ದಾಸ್ತಾನು ಪಟ್ಟಿಯನ್ನು ಸಿದ್ಧಪಡಿಸಬೇಕು. ಕೃತಿಯ ಹೆಸರು, ರಚಿಸಿದ ವರ್ಷ, ನೌಕರನಾಗಿಯೋ ಸ್ವತಂತ್ರನಾಗಿಯೋ, ಕರಾರು ಇದೆಯೇ, ಅವಧಿ ಎಷ್ಟು, ಈಗ ಒಡೆಯರಾರು ಎಂಬ ಆರು ಅಂಕಣಗಳು ಸಾಕು. ಈ ಪಟ್ಟಿಯಿಂದ ಎರಡು ಪ್ರಯೋಜನಗಳಿವೆ. ತನ್ನದಲ್ಲದ ಸಂಗೀತವನ್ನು ಮಾದರಿಯಾಗಿ ಹಂಚಿ ತಗಾದೆಗೆ ಸಿಲುಕುವುದು ತಪ್ಪುತ್ತದೆ. ಅವಧಿ ಮುಗಿದು ತನಗೇ ಹಿಂದಿರುಗಿರುವ ಕೃತಿ ಯಾವುದೆಂಬುದು ತಿಳಿಯುತ್ತದೆ. 1969ರಲ್ಲಿ ಸ್ಥಾಪನೆಯಾಗಿ 2017ರಲ್ಲಿ ಮರುನೋಂದಣಿ ಪಡೆದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯತ್ವವನ್ನೂ ಇದೇ ಹಂತದಲ್ಲಿ ಪಡೆಯುವುದು ಒಳಿತು.

ಹೊಸ ಕರಾರಿನಲ್ಲಿ ಇರಬೇಕಾದ ಅಂಶಗಳು ಹೀಗಿವೆ:

1. ಕೃತಿಯ ವಿವರ: ಎಷ್ಟು ನಿಮಿಷದ ಸಂಗೀತ, ಎಷ್ಟು ಪದರಗಳು, ಎಷ್ಟು ಬಾರಿ ತಿದ್ದಿಕೊಡಬೇಕು.
2. ಕೊಡುತ್ತಿರುವ ಹಕ್ಕು: ಆಟಕ್ಕೆ ಮಾತ್ರವೇ, ಜಾಹೀರಾತು, ಚಲನಚಿತ್ರ, ಆಟಿಕೆ, ಧ್ವನಿಸುರುಳಿಗಳಿಗೂ ಸೇರಿದೆಯೇ.
3. ಅವಧಿ ಮತ್ತು ಭೌಗೋಳಿಕ ವ್ಯಾಪ್ತಿ.
4. ಶುಲ್ಕ, ಕಂತುಗಳು ಹಾಗೂ ಮುಂದಿನ ಬಳಕೆಯ ರಾಯಲ್ಟಿ.
5. ಪೂರ್ಣ ಹಣ ಸಂದಾಯವಾದ ಬಳಿಕವೇ ಹಕ್ಕಿನ ವರ್ಗಾವಣೆ ಎಂಬ ಷರತ್ತು. ಸ್ಟುಡಿಯೋ ದಿವಾಳಿಯಾದರೆ ಸಂಯೋಜಕನಿಗೆ ಇದೇ ಆಸರೆ.
6. ನಾಮಾವಳಿಯಲ್ಲಿ ಹೆಸರು, ಮರುಬಳಕೆಯ ಸಂದರ್ಭಗಳಲ್ಲಿಯೂ.
7. ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಕಲಿಸಲು ಈ ಧ್ವನಿಮುದ್ರಣವನ್ನು ಬಳಸಬಹುದೇ ಇಲ್ಲವೇ ಎಂಬ ಸ್ಪಷ್ಟ ಮಾತು.

ತೆರಿಗೆಯ ಲೆಕ್ಕ

ಆದಾಯ ತೆರಿಗೆ: ವೃತ್ತಿ ಶುಲ್ಕ ಅಥವಾ ರಾಯಲ್ಟಿ ಪಾವತಿಸುವಾಗ, ಕಡಿತ ಮಾಡಬೇಕಾದ ಸಂಸ್ಥೆಗಳು ಮೂಲದಲ್ಲಿ ಶೇ. 10 ತೆರಿಗೆ ಕಡಿತಗೊಳಿಸಬೇಕು. 2025ರ ಏಪ್ರಿಲ್‌ನಿಂದ ಇದರ ವಾರ್ಷಿಕ ಮಿತಿ 50,000 ರೂ. 1961ರ ಕಾಯ್ದೆಯ 44ಎಡಿಎ ಕಲಮಿನಲ್ಲಿ ನಿರ್ದಿಷ್ಟ ವೃತ್ತಿಗಳವರು ಒಟ್ಟು ಸ್ವೀಕೃತಿಯ ಶೇ. 50ನ್ನು ಆದಾಯವೆಂದು ಘೋಷಿಸುವ ಸೌಲಭ್ಯವನ್ನು ಕಲ್ಪಿಸಲಾಯಿತು. ಆ ವೃತ್ತಿಗಳ ಪೈಕಿ ‘ಫಿಲ್ಮ್ ಕಲಾವಿದ’ ಎಂಬ ವರ್ಗದಲ್ಲಿ ಚಲನಚಿತ್ರದ ಸಂಗೀತ ನಿರ್ದೇಶಕನಿದ್ದಾನೆ. ಗೇಮ್ ಸಂಯೋಜಕನ ಹೆಸರು ಅಲ್ಲಿ ಇಲ್ಲ. ಆದ್ದರಿಂದ ಸೌಲಭ್ಯ ತನಗೂ ಇದೆಯೆಂದು ಭಾವಿಸಿ ಲೆಕ್ಕಪುಸ್ತಕ ಇಡದೆ ಕೂಡುವುದು ಅಪಾಯಕರ. 1961ರ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ತರಲಾಗಿದ್ದು, ಕಲಮುಗಳ ಸಂಖ್ಯೆ ಬದಲಾದರೂ ಅಂದಾಜು ಆದಾಯದ ವ್ಯವಸ್ಥೆಯನ್ನು ಉಳಿಸಿಕೊಳ್ಳಲಾಗಿದೆ.

ಜಿಎಸ್‌ಟಿ: ಸೇವೆಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂ. ಸಂಯೋಜಕನು ತನ್ನ ಸಂಗೀತದ ಕೃತಿಸ್ವಾಮ್ಯವನ್ನು ಸಂಗೀತ ಕಂಪೆನಿ, ನಿರ್ಮಾಪಕ ಅಥವಾ ಅಂಥವರಿಗೆ ವರ್ಗಾಯಿಸಿದಾಗ ತೆರಿಗೆ ಕಟ್ಟುವ ಹೊಣೆ ಪಡೆದವನದು. ಗೇಮ್ ಸ್ಟುಡಿಯೋ ಅಥವಾ ಆಟಿಕೆ ಕಾರ್ಖಾನೆ ‘ಅಂಥವರು’ ಎಂಬ ಮಾತಿನ ವ್ಯಾಪ್ತಿಗೆ ಬರುವುದೇ ಎಂಬುದನ್ನು ಪ್ರತಿ ಕರಾರಿನಲ್ಲಿ ಪರಿಶೀಲಿಸಿಕೊಳ್ಳಬೇಕು.

ವಿದೇಶೀ ಕೆಲಸ: ಗಣಕಯಂತ್ರ ಮತ್ತು ಅಂತರಜಾಲವಿದ್ದರೆ ಹಿಟ್ನಾಳದಲ್ಲಿ ಕುಳಿತೇ ಅಮೆರಿಕದ ಸ್ಟುಡಿಯೋಗೆ ಸಂಗೀತ ಒದಗಿಸಬಹುದು. ನಿಯಮದಂತೆ ವಿದೇಶೀ ವಿನಿಮಯದಲ್ಲಿ ಹಣ ಬಂದರೆ ಅದು ಸೇವಾ ರಫ್ತು. ನೋಂದಾಯಿತರು ಮುಚ್ಚಳಿಕೆ ಪತ್ರ ಸಲ್ಲಿಸಿ ಜಿಎಸ್‌ಟಿ ಕಟ್ಟದೆ ರಫ್ತು ಮಾಡಬಹುದು. ರಾಯಲ್ಟಿಯ ಮೇಲೆ ಅಮೆರಿಕವು ತೆರಿಗೆ ಹಿಡಿದುಕೊಳ್ಳುವ ಸಂದರ್ಭದಲ್ಲಿ, ಉಭಯ ದೇಶಗಳ ಒಪ್ಪಂದದಂತೆ ಕೃತಿಸ್ವಾಮ್ಯದ ರಾಯಲ್ಟಿಗೆ ಗರಿಷ್ಠ ದರ ಶೇ. 15, ಅದನ್ನು ಇಲ್ಲಿನ ತೆರಿಗೆಯಲ್ಲಿ ಜಮಾ ಪಡೆಯಬಹುದು. ಇದಕ್ಕೆ ಮುಂಚಿತವಾಗಿ ಡಬ್ಲ್ಯು-8ಬಿಇಎನ್ ನಮೂನೆಯನ್ನು ಸಲ್ಲಿಸಿರಬೇಕು.

ಉದ್ಯಮ್ ನೋಂದಣಿ: ಸಂಯೋಜಕನು ಸೂಕ್ಷ್ಮ ಸೇವಾ ಉದ್ಯಮವಾಗಿ ನೋಂದಾಯಿಸಿಕೊಂಡರೆ 2006ರ ಕಾಯ್ದೆಯ ರಕ್ಷಣೆ ದೊರೆಯುತ್ತದೆ. ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಅವಧಿ ಮೀರಿ ಬಾಕಿ ಉಳಿಸಿಕೊಂಡ ಉದ್ಯಮಿಗೆ ಆ ವೆಚ್ಚದ ಕಡಿತವು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ಸಿಗುತ್ತದೆಂಬ ನಿಯಮವೂ 2023–24ರ ಆರ್ಥಿಕ ವರ್ಷದಿಂದ ಜಾರಿಗೆ ಬಂದಿತು.

ಒಂದು ಕಾಲ್ಪನಿಕ ಲೆಕ್ಕ

ಹಿಟ್ನಾಳದ ಸ್ವತಂತ್ರ ಸಂಯೋಜಕನೊಬ್ಬ 6,00,000 ರೂ.ಗೆ ಒಂದು ಆಟದ ಸಂಗೀತವನ್ನು ಒಪ್ಪಿಕೊಂಡನೆಂದು ಭಾವಿಸೋಣ. ವಾದ್ಯಗಾರರಿಗೆ 1,20,000 ರೂ., ಧ್ವನಿಮುದ್ರಣ ಸ್ಟುಡಿಯೋದ ಬಾಡಿಗೆ 60,000 ರೂ., ಒಂದು ಲಕ್ಷ ರೂ. ಬೆಲೆಯ ಗಣಕಯಂತ್ರದ ಶೇ. 40 ಸವಕಳಿ 40,000 ರೂ. ಕಳೆದರೆ ಉಳಿಯುವ ಆದಾಯ 3,80,000 ರೂ. ಕೆಲಸಕ್ಕೆ ಐದು ತಿಂಗಳು ಹಿಡಿದರೆ ತಿಂಗಳಿಗೆ 76,000 ರೂ. ಮುಂದಿನ ಕೆಲಸ ಸಿಗಲು ಏಳು ತಿಂಗಳಾದರೆ ವರ್ಷದ ಸರಾಸರಿ ತಿಂಗಳಿಗೆ 31,667 ರೂ. ಮಾತ್ರ. ಪೂರ್ಣ ಹಸ್ತಾಂತರವಾಗಿದ್ದರೆ ಆ ಏಳು ತಿಂಗಳುಗಳಿಗೆ ಆದಾಯದ ಮೂಲವಿಲ್ಲ. ಆಟಕ್ಕೆ ಮಾತ್ರ ಹಕ್ಕು ಕೊಟ್ಟಿದ್ದರೆ ಅದೇ ಸಂಗೀತವನ್ನು ಜಾಹೀರಾತಿಗೋ ಆಟಿಕೆಗೋ ಪ್ರತ್ಯೇಕ ಶುಲ್ಕಕ್ಕೆ ಕೊಡುವ ದಾರಿ ತೆರೆದಿರುತ್ತದೆ. ಕೊಳ್ಳುವವರು ಪೂರ್ಣ ಹಕ್ಕನ್ನೇ ಬಯಸುವುದಾದರೆ ಅದಕ್ಕೆ ತಕ್ಕ ಬೆಲೆ ಕೇಳುವುದು ನ್ಯಾಯ, ಕೊಡುವುದೂ ನ್ಯಾಯ.

ಸದಸ್ಯರಿಗೆ ವಿನಂತಿ

ಕಬ್ಬಿಣ, ಅಕ್ಕಿ, ಆಟಿಕೆಗಳ ವ್ಯವಹಾರದಲ್ಲಿ ನಾವು ತೂಕ, ದರ, ಗಡುವುಗಳನ್ನು ಬರೆದಿಡದೆ ಮುಂದುವರಿಯುವುದಿಲ್ಲ. ಸ್ವರದ ವ್ಯವಹಾರಕ್ಕೂ ಅದೇ ಶಿಸ್ತು ಬೇಕು. ಸದಸ್ಯ ಸಂಸ್ಥೆಗಳು ಸಂಗೀತ ಕೊಳ್ಳುವಾಗ ಎರಡು ಪುಟದ ಸ್ಪಷ್ಟ ಕರಾರು ಮಾಡಿಕೊಳ್ಳಲಿ, ಅದರಲ್ಲಿ ಸಂಯೋಜಕನ ಹೆಸರನ್ನು ಉಳಿಸಲಿ, ಹಣವನ್ನು ಗಡುವಿನೊಳಗೆ ಸಂದಾಯ ಮಾಡಲಿ. ಸಂಗೀತವನ್ನು ಜೀವನೋಪಾಯವಾಗಿ ಆರಿಸಿಕೊಳ್ಳುವ ನಮ್ಮ ಭಾಗದ ಯುವಕ ಯುವತಿಯರು ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಲಿ: ನಾನು ಮಾರುತ್ತಿರುವುದು ಈ ವರ್ಷದ ಬೆಳೆಯನ್ನೋ, ಹೊಲವನ್ನೋ? ಉತ್ತರ ಯಾವುದೇ ಇರಲಿ, ಅದು ಕರಾರಿನಲ್ಲಿ ಬರೆದಿರಲಿ.